ಬಿಟ್ಟ ಮೀನಿನ ಲೆಕ್ಕ

ಏಪ್ರಿಲ್ ಕೊನೆಯ ವಾರ. ಅಮೆರಿಕದ ರೋಡ್ ಐಲೆಂಡಿನಲ್ಲಿ ನ್ಯಾರೋ ರಿವರ್ ಎಂಬ ಪುಟ್ಟ ಹೊಳೆ ಸಮುದ್ರ ಸೇರುವ ಅಳಿವೆ. ಮೊಣಕಾಲುದ್ದ ನೀರಿನಲ್ಲಿ ನಿಂತು ನಾನೊಂದು ಮೀನನ್ನು ಬಿಟ್ಟೆ. ಸುಮಾರು ಹದಿನೆಂಟು ಇಂಚಿನ ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈ, ಉದ್ದಕ್ಕೆ ಎಳೆದ ಕಪ್ಪು ಗೆರೆಗಳು. ಗಾಳ ತುಟಿಗೆ ಸಿಕ್ಕದೆ ಕಿವಿರಿಗೆ ಸಿಕ್ಕಿತ್ತು. ಬಿಡಿಸುವಷ್ಟರಲ್ಲಿ ನನ್ನ ಅಂಗೈ ತುಂಬ ರಕ್ತ. "ಇಟ್ಟುಕೊಳ್ಳುವ ಹಾಗಿಲ್ಲ, ಅಳತೆಗೆ ಸಣ್ಣದು, ಬಿಡು" ಎಂದ ಜೊತೆಗಿದ್ದ ಗೆಳೆಯ. ಬಾಲ ಹಿಡಿದು ನೀರಿನಲ್ಲಿ ಸ್ವಲ್ಪ ಹೊತ್ತು ಆಧರಿಸಿದೆ. ಒಮ್ಮೆ ಮೈ ಕೊಡವಿ ಇಳಿತದ ನೀರಿನ ಜೊತೆ ಹೋಯಿತು. ಹತ್ತು ಮಾರು ಆಚೆ ಬಿಳಿ ಹೊಟ್ಟೆಯಂಥದ್ದೇನೋ ಮೇಲೆ ಬಂದಂತೆ ಕಂಡಿತು. ಗೆಳೆಯ ಅದು ನೊರೆ ಎಂದ. ನನಗೂ ನೊರೆ ಎಂದುಕೊಳ್ಳುವುದೇ ಅನುಕೂಲವಾಗಿತ್ತು.

ಈ ಮೀನುಗಳಲ್ಲಿ ಬಹಳಷ್ಟು ಚಳಿಗಾಲವನ್ನು ವರ್ಜೀನಿಯಾ, ನಾರ್ತ್ ಕೆರೊಲಿನಾ ಕಡೆಯ ಕಡಲಲ್ಲಿ ಕಳೆಯುತ್ತವೆ. ವಸಂತದಲ್ಲಿ ದೊಡ್ಡವು ಚೆಸಪೀಕ್ ಕೊಲ್ಲಿಯ ನದಿಗಳಿಗೋ ಹಡ್ಸನ್ ನದಿಗೋ ಹೋಗಿ ಮೊಟ್ಟೆಯಿಟ್ಟು ಆಮೇಲೆ ಉತ್ತರಕ್ಕೆ ಬರುತ್ತವೆ. ಇನ್ನೂ ಬಲಿಯದ ಸಣ್ಣವುಗಳಿಗೆ ಆ ಜವಾಬ್ದಾರಿ ಇಲ್ಲ, ಅವೇ ಮೊದಲು ಬಂದು ತಲುಪುತ್ತವೆ. ಇಲ್ಲಿನವರು ಅವನ್ನು ಸ್ಕೂಲಿ ಎನ್ನುತ್ತಾರೆ. ನೀರು ಹತ್ತು ಡಿಗ್ರಿ ಸೆಲ್ಸಿಯಸ್ ಮುಟ್ಟುವುದನ್ನು ಕಾಯುತ್ತಾ, ಹೆರಿಂಗ್ ಮೀನು ಹೊಳೆ ಹತ್ತಿತೇ ಎಂದು ವಿಚಾರಿಸುತ್ತಾ, ನಾಲ್ಕೈದು ತಿಂಗಳು ಮನೆಯೊಳಗೆ ಕೂತು ಮೈ ಜಡ್ಡುಗಟ್ಟಿದ ಜನ ದಡಕ್ಕೆ ಬರುತ್ತಾರೆ. ನಡುಮಧ್ಯಾಹ್ನ ಬಂದವನನ್ನು ನೋಡಿ ನಗಬೇಡಿ, ಅವನಿಗೆ ವಿಷಯ ಗೊತ್ತಿದೆ: ಒಳಗಿನ ಆಳವಿಲ್ಲದ ಹಿನ್ನೀರಿನ ಕೆಸರು ಬಿಸಿಲಿಗೆ ಕಾಯುತ್ತದೆ, ಇಳಿತ ಶುರುವಾದಾಗ ಆ ಬೆಚ್ಚನೆಯ ನೀರು ಅಳಿವೆಗೆ ಹರಿದು ಬರುತ್ತದೆ, ಮೀನು ಅದರ ದಾರಿಯಲ್ಲಿ ನಿಂತಿರುತ್ತದೆ. ದೋಣಿ ಬೇಡ, ಹೆಚ್ಚು ದುಡ್ಡೂ ಬೇಡ. ಒಂದು ಕೋಲು, ಒಂದೇ ಗಾಳದ ರಬ್ಬರಿನ ಹುಸಿಮೀನು, ನೀರಿಳಿಯದ ಉದ್ದ ಬೂಟು ಸಾಕು. ಆ ಮೊದಲ ಎಳೆತ ಮೊಣಕೈವರೆಗೆ ಬಂದಾಗ ಆಗುವ ಖುಷಿಯನ್ನು ನಾನು ಸುಳ್ಳು ಎನ್ನಲಾರೆ.

ಆದರೆ ಕಾನೂನು ಹೀಗಿದೆ: 2023ರಿಂದ ಈ ಕರಾವಳಿಯಲ್ಲಿ 28 ಇಂಚಿಗಿಂತ ಸಣ್ಣದನ್ನೂ 31 ಇಂಚು ಮತ್ತು ಅದಕ್ಕೂ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ನಡುವಿನದು ಸಿಕ್ಕರೆ ದಿನಕ್ಕೆ ಒಂದು. ಕಾರಣ ಇಲ್ಲದೆ ಮಾಡಿದ್ದಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಈ ಮೀನು ಕುಸಿದುಹೋಗಿತ್ತು. 1984ರಲ್ಲಿ ಅಮೆರಿಕದ ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಿತು, ಮೇರಿಲ್ಯಾಂಡ್ 1985ರಿಂದ ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಿತು. ಮೀನು ಮರಳಿ ಬಂತು. ಈಗ ಮತ್ತೆ ಇಳಿಮುಖ. ಚೆಸಪೀಕ್‌ನಲ್ಲಿ 2019ರಿಂದೀಚೆಗೆ ಮರಿಗಳು ಸತತವಾಗಿ ಕಡಿಮೆ. ಹಾಗಾಗಿ ಋತುವಿನ ಆರಂಭದಲ್ಲಿ ದಡಕ್ಕೆ ಹೋಗುವವರು ಬಹುಮಟ್ಟಿಗೆ ಬಿಡುವುದಕ್ಕೆಂದೇ ಹಿಡಿಯುತ್ತಾರೆ.

ನನಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ನಮ್ಮಜ್ಜ ಗಂಗೊಳ್ಳಿ ಅಳಿವೆಯ ಬದಿಯಲ್ಲಿ ಗಾಳ ಹಾಕುತ್ತಿದ್ದರು. ಸಿಕ್ಕಿದ್ದು ಸಾರಿಗೆ. ಚಿಕ್ಕವನಿದ್ದಾಗ ನಾನು ಬಕೆಟ್ಟಿನ ಮೀನನ್ನು ಕಡ್ಡಿಯಿಂದ ಕೆಣಕಿದರೆ "ತಿಂಬ ಜೀವದ ಹತ್ರ ಆಟ ಆಡುಕಾಗ ಮಗಾ" ಎಂದು ಗದರುತ್ತಿದ್ದರು. ಕೊಲ್ಲುವುದಕ್ಕೆ ಅವರ ಬಳಿ ಕಾರಣವಿತ್ತು, ಆಟಕ್ಕೆ ಇರಲಿಲ್ಲ. ಇಲ್ಲಿ ಆಟ ಆಡಿ ಬಿಟ್ಟರೆ ಸಜ್ಜನ, ತಿಂದರೆ ದುರಾಸೆಯವನು. ಅಜ್ಜನ ಮಾತೇ ಯುರೋಪಿನಲ್ಲಿ ಕಾನೂನಾಗಿದೆ ಎಂದು ಓದಿದಾಗ ಆಶ್ಚರ್ಯವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶವಿಟ್ಟುಕೊಂಡೇ ಮೀನು ಹಿಡಿಯುವುದು ನಿಷಿದ್ಧ; ಜರ್ಮನಿಯಲ್ಲಿ ಪ್ರಾಣಿಗೆ ನೋವು ಕೊಡಲು ಸಕಾರಣ ಬೇಕು, ಮನರಂಜನೆ ಸಕಾರಣವಲ್ಲ. ನನ್ನ ಕೈಯಲ್ಲಿದ್ದ ಹದಿನೆಂಟು ಇಂಚಿನ ಮೀನನ್ನು ಮನೆಗೆ ಒಯ್ದಿದ್ದರೆ ಇಲ್ಲಿ ಅಪರಾಧ, ಬಿಡುವುದಕ್ಕೆಂದೇ ಹಿಡಿದಿದ್ದರೆ ಅಲ್ಲಿ ಅಪರಾಧ.

ಬಿಟ್ಟ ಮೀನು ಬದುಕುತ್ತದೆ ತಾನೇ? ಬಹುಪಾಲು ಬದುಕುತ್ತವೆ. ಮೀನುಗಾರಿಕೆಯ ಲೆಕ್ಕ ಇಡುವವರು ಬಿಟ್ಟ ನೂರರಲ್ಲಿ ಒಂಬತ್ತು ಸಾಯುತ್ತವೆ ಎಂದು ಹಿಡಿಯುತ್ತಾರೆ. ಸಣ್ಣ ಸಂಖ್ಯೆ. ಆದರೆ ಬಿಡುವವರು ಎಷ್ಟೊಂದು ಜನ ಎಂದರೆ, ಹವ್ಯಾಸಿಗಳು ತಿನ್ನಲು ಒಯ್ದ ಮೀನಿಗಿಂತ ಬಿಟ್ಟ ಮೇಲೆ ಸತ್ತ ಮೀನೇ ಹೆಚ್ಚು ಎಂಬ ಅಂದಾಜು ಬಂದ ವರ್ಷಗಳಿವೆ. ಆ ಸಂಜೆ ಗೆಳೆಯ ಇಪ್ಪತ್ತೆರಡು ಹಿಡಿದು ಇಪ್ಪತ್ತೆರಡನ್ನೂ ಬಿಟ್ಟ. ಲೆಕ್ಕದಲ್ಲಿ ಎರಡು ಸತ್ತವು.

ಅದೇ ಹೊತ್ತಿಗೆ ಮೇಲಿನ ಸೇತುವೆಯ ಬಳಿ ಒಬ್ಬರು ಹೆಂಡತಿ ಮಕ್ಕಳ ಜೊತೆ ಬಕೆಟ್ ಇಟ್ಟುಕೊಂಡು ನಿಂತಿದ್ದರು. ಇಂಥವರನ್ನು ಕಂಡರೆ ದುಬಾರಿ ಕೋಲಿನವರು ಮೂಗು ಮುರಿಯುವುದನ್ನು ನಾನು ಹಲವು ಸಲ ನೋಡಿದ್ದೇನೆ. ಅವರ ಕಣ್ಣು ಮೊದಲು ಬಕೆಟ್ಟಿನ ಮೇಲೆ. ಆತನಿಗೆ ಒಂದು ಮೀನು ಸಿಕ್ಕಿತು. ಮೂರು ಸಲ ಅಳೆದರು. ಇಪ್ಪತ್ತೇಳು ಚಿಲ್ಲರೆ. ಮಗಳು ಬಕೆಟ್ಟಿನ ಮುಚ್ಚಳ ತೆಗೆದು ಹಿಡಿದೇ ಇದ್ದಳು. ಆತ ಮೀನನ್ನು ನೀರಿಗಿಳಿಸಿದರು. ಇನ್ನರ್ಧ ಇಂಚು ಇದ್ದಿದ್ದರೆ ಆ ಮನೆಗೆ ಒಂದು ಊಟ, ಒಂದು ಸಾವು. ನಮ್ಮ ಪಾಲಿಗೆ ಎರಡು ಸಾವು, ಊಟ ಯಾರಿಗೂ ಇಲ್ಲ. ಆದರೂ ದಡದ ಮೇಲೆ ಒಳ್ಳೆಯವರು ಎನಿಸಿಕೊಂಡು ನಡೆದವರು ನಾವು.

ಗೆಳೆಯನಿಗೆ ಇದನ್ನು ಹೇಳಿದೆ. ಅವನು ದಡ್ಡನಲ್ಲ. ನೀರು ತಣ್ಣಗಿರುವಾಗ ಬಿಟ್ಟ ಮೀನು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ, ಬೇಸಿಗೆಯ ಬಿಸಿ ನೀರಿನಲ್ಲೇ ಹೆಚ್ಚು ಸಾಯುವುದು, ಹಾಗಾಗಿ ಹಿಡಿಯುವುದಾದರೆ ಈಗಲೇ ಹಿಡಿಯಬೇಕು ಎಂದ. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ನಯ ಮಾಡಿದ್ದನ್ನು ತೋರಿಸಿದ. ದಡದಲ್ಲಿ ಹೀಗೆ ನಿಲ್ಲುವ ಹುಚ್ಚರು ಇಲ್ಲದಿದ್ದರೆ ಮೀನು ಕಡಿಮೆಯಾದದ್ದನ್ನು ಕಂಡು ಕೂಗೆಬ್ಬಿಸುವವರು ಯಾರು ಎಂದೂ ಕೇಳಿದ. ಎಲ್ಲವೂ ನಿಜ. ಆದರೆ ಪ್ರೀತಿ ಅವನದು, ಗಾಳ ಮೀನಿನದು. ಆ ಕೊನೆಯ ಮಾತನ್ನು ನಾನು ಅರ್ಧ ಮಾತ್ರ ಒಪ್ಪಿದೆ.

ನನಗೆ ಅರಗದೆ ಉಳಿದದ್ದು ಆ ಒಂಬತ್ತು. ಯಾವ ಮೀನೂ ನೂರಕ್ಕೆ ಒಂಬತ್ತರಷ್ಟು ಸಾಯುವುದಿಲ್ಲ. ಒಂದು ಪೂರ್ತಿ ಸಾಯುತ್ತದೆ, ಹತ್ತು ಪೂರ್ತಿ ಬದುಕುತ್ತವೆ. ಸಾಯುವುದು ನಮ್ಮ ಬೆನ್ನ ಹಿಂದೆ, ಎಲ್ಲೋ ಕೆಳಗೆ, ನಾವು ಮುಂದಿನ ಎಸೆತಕ್ಕೆ ಕೈ ಎತ್ತಿರುವಾಗ. ನೀರಿಗೆ ಇಳಿಸುವ ಕ್ಷಣದಲ್ಲಿ ಮನಸ್ಸು ಹಗುರಾಗುತ್ತದೆ, ಯಾರಿಗೋ ಜೀವದಾನ ಮಾಡಿದಂತೆ. ಆದರೆ ಆಗ ನಾನು ತೀರ್ಮಾನಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ತೀರ್ಮಾನ ಆಗಿದ್ದು ಎಸೆದಾಗಲೇ.

ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಬದಲು ಒಂದು ಲೆಕ್ಕ ಇಟ್ಟುಕೊಂಡೆ. ಒಂಬತ್ತು ಶೇಕಡಾ ಎಂದರೆ ಹನ್ನೊಂದಕ್ಕೆ ಒಂದು. ಕಾನೂನು ದಿನಕ್ಕೆ ಒಂದು ಮೀನು ಎನ್ನುತ್ತದೆ. ಹನ್ನೊಂದು ಬಿಟ್ಟೆನೆಂದರೆ ನನ್ನ ಒಂದು ಮುಗಿಯಿತು. ಇದರಲ್ಲಿ ಮೋಸವೂ ಇದೆ, ಗೊತ್ತು: ಅಂದು ಕಿವಿರಿನಲ್ಲಿ ರಕ್ತ ಸುರಿದದ್ದು ನನ್ನ ಮೂರನೆಯ ಮೀನು. ಅಜ್ಜ ಇದ್ದಿದ್ದರೆ, ಮೂರಕ್ಕೇ ನಿಲ್ಲಿಸಬಹುದಿತ್ತಲ್ಲ ಎಂದು ಕೇಳುತ್ತಿದ್ದರು. ನನ್ನ ಬಳಿ ಉತ್ತರವಿಲ್ಲ.

ಕಳೆದ ಶನಿವಾರ ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆ ಇರುವಾಗಲೇ ಹನ್ನೊಂದಾಯಿತು. ಇಳಿತ ಜೋರಾಗಿತ್ತು, ಕಣ್ಣೆದುರೇ ಮೀನು ನೀರು ಒಡೆಯುತ್ತಿದ್ದವು. ದಾರ ಸುತ್ತಿ ಕಲ್ಲಿನ ಮೇಲೆ ಕೂತೆ. ಕೈ ಸುಮ್ಮನಿರಲಿಲ್ಲ, ಕೋಲಿನ ಹಿಡಿಯನ್ನು ಸವರುತ್ತಲೇ ಇತ್ತು. ಕತ್ತಲಾದ ಮೇಲೆ ಗೆಳೆಯ ಹದಿನಾರನೆಯದನ್ನು ಎಳೆದು ತಂದ. ಗಾಳ ಬಿಡಿಸಲು ಬೆಳಕು ಬೇಕೆಂದು ಕರೆದ. ಎದ್ದು ಹೋಗಿ ಟಾರ್ಚ್ ಹಿಡಿದೆ.