ಅನ್ನದ ಹಂಗು, ಮಾತಿನ ಪ್ರಾಮಾಣ್ಯ

ಒಬ್ಬರ ಅನ್ನ ಉಂಡವರು ಅವರ ವಿಷಯದಲ್ಲಿ ನಿಜ ನುಡಿಯಬಲ್ಲರೇ ಎಂಬುದು ಹಳೆಯ ಪ್ರಶ್ನೆ. ಯಾವುದೇ ಒಂದು ಸಂಸ್ಥೆಯ ಸಂಬಳಕ್ಕೆ ಕಟ್ಟುಬೀಳದೆ, ಪತ್ರಿಕೆಗೊಂದು ಲೇಖನ, ಆಕಾಶವಾಣಿಗೊಂದು ಭಾಷಣ, ಯೂಟ್ಯೂಬ್ ವಾಹಿನಿಗೊಂದು ಚಿತ್ರಿಕೆ ಎಂದು ಬಿಡಿಬಿಡಿಯಾಗಿ ದುಡಿಯುವ ವಿಜ್ಞಾನ ಮತ್ತು ಪರಿಸರ ಪತ್ರಕರ್ತರ ವೃತ್ತಿ ಅದನ್ನು ಹೊಸದಾಗಿ ಎತ್ತುತ್ತದೆ. ನ್ಯಾಯದರ್ಶನವು ನೇರವಾಗಿ ಕಾಣುವ ಪ್ರತ್ಯಕ್ಷ, ಕುರುಹಿನಿಂದ ಊಹಿಸುವ ಅನುಮಾನ, ಹೋಲಿಕೆಯಿಂದ ಅರಿಯುವ ಉಪಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ಇನ್ನೊಬ್ಬರ ಮಾತನ್ನೂ, ಸರಿಯಾದ ಅರಿವಿನ ಸಾಧನವೆಂದು ಒಪ್ಪುತ್ತದೆಯಾದರೂ ಆಡಿದವನು ಆಪ್ತನಾಗಿರಬೇಕೆಂಬ ಕಟ್ಟಳೆ ವಿಧಿಸುತ್ತದೆ. ನ್ಯಾಯಸೂತ್ರಗಳಿಗೆ ವಾತ್ಸ್ಯಾಯನನು ಬರೆದ ಭಾಷ್ಯದ ಪ್ರಕಾರ, ವಿಷಯವನ್ನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುವುದರಿಂದ, ಪ್ರಾಮಾಣ್ಯವು, ಎಂದರೆ ಮಾತಿನ ನಂಬಲರ್ಹತೆಯು, ಹುಟ್ಟಿನಿಂದಾಗಲಿ ಪದವಿಯಿಂದಾಗಲಿ ಬರುವಂಥದ್ದಲ್ಲ. ಮಧ್ವಮತವಾದರೋ ನಿರ್ದೋಷವಾದ ಶಬ್ದವನ್ನೇ ಆಗಮ, ಅಂದರೆ ಪ್ರಮಾಣವಾದ ಮಾತು, ಎನ್ನುತ್ತದೆ. ಹಾಗಾದರೆ ಹಂಗು ಮಾತಿಗೆ ತಗಲುವ ಒಂದು ದೋಷವೇ?

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಈ ಪ್ರಶ್ನೆ ಬರಿಯ ತರ್ಕದ್ದಲ್ಲ. ರಾಯಚೂರಿನಿಂದ ಬಂದ ರಸ್ತೆ ಕಲ್ಮಲದಲ್ಲಿ ಕವಲೊಡೆದು ಒಂದು ಲಿಂಗಸುಗೂರಿನತ್ತ, ಇನ್ನೊಂದು ಮಾನ್ವಿ, ಸಿಂಧನೂರುಗಳತ್ತ ಸಾಗುತ್ತದೆ. ಆ ಕವಲಿನಿಂದ ಯಾವ ದಿಕ್ಕಿಗೆ ಹೊರಟರೂ ಪರಿಸರದ ವರದಿಗಾರನಿಗೆ ವಸ್ತುವಿನ ಬರವಿಲ್ಲ. ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕದೊಂದಿಗೆ ಆರಂಭವಾಗಿ 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದ ಉಷ್ಣ ವಿದ್ಯುತ್ ಸ್ಥಾವರವಿದೆ, ಅದರ ಹಾರುಬೂದಿಯಿದೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ನೀರಿನ ಗೋಳಿದೆ. ನೀರಾವರಿ ಹೆಚ್ಚಾದ ಕಪ್ಪು ಭೂಮಿಯಲ್ಲಿ ಉಪ್ಪೇರಿ ನೀರು ನಿಂತು ಬೆಳೆ ಕೆಡುವ ಸವಳು-ಜವಳಿದೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಅನೇಕರು ಅಸ್ವಸ್ಥರಾಗಿ ಕೆಲವರು ಪ್ರಾಣ ಬಿಟ್ಟಾಗ, ನಲ್ಲಿಯ ನೀರು ಎಷ್ಟು ದೊಡ್ಡ ಸುದ್ದಿಯೆಂಬುದು ನಾಡಿಗೆ ತಿಳಿಯಿತು. ಮಾಧ್ಯಮಗಳಿಗೆ ಜಾಹೀರಾತು ಕೊಡುವವರಲ್ಲಿ ಸರ್ಕಾರವೂ ಬೀಜ, ಗೊಬ್ಬರ, ಕೀಟನಾಶಕಗಳ ಮಾರಾಟಗಾರರೂ ಇರುವಾಗ, ಇವುಗಳಲ್ಲಿ ಯಾವುದನ್ನು ಬರೆದರೂ ಯಾವುದೋ ಒಂದು ಅನ್ನದ ಋಣಕ್ಕೆ ತಾಗದೆ ಇರುವುದಿಲ್ಲ.

ಇದೇ ನೆಲದ ದಾಸಪರಂಪರೆಯಲ್ಲಿ ಹಂಗಿನ ಸಮಸ್ಯೆಗೆ ಒಂದು ಪರಿಹಾರ ದೊರೆಯುತ್ತದೆ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಹರಿಕಥಾಮೃತಸಾರವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರು ಸೇರಿದ ಪಂಥವು ಮಧುಕರವೃತ್ತಿಯನ್ನು ಎತ್ತಿಹಿಡಿಯಿತು. ದುಂಬಿಯು ಹೂವಿಗೆ ನೋವಾಗದಂತೆ ಒಂದೊಂದರಿಂದ ಒಂದಿಷ್ಟೇ ಹೀರುವ ಹಾಗೆ ಮನೆಮನೆಯಿಂದ ಹಿಡಿ ಅಕ್ಕಿ ಪಡೆದು ಬದುಕುವುದೇ ಮಧುಕರವೃತ್ತಿ. ಯಾವ ಮನೆಗೂ ಅದು ಹೊರೆಯಾಗುವುದಿಲ್ಲ, ಯಾವ ಮನೆಯ ಯಜಮಾನನೂ ದಾಸನ ಒಡೆಯನಾಗುವುದಿಲ್ಲ. ಹಲವು ಮಾಧ್ಯಮಗಳಿಗೆ ಬರೆಯುವ ಸ್ವತಂತ್ರ ಪತ್ರಕರ್ತನ ಜೋಳಿಗೆ ಹೊರನೋಟಕ್ಕೆ ಇಂಥದ್ದೇ. ಒಬ್ಬ ಸಂಪಾದಕ ಬಾಗಿಲು ಹಾಕಿಕೊಂಡರೆ ಮುಂದಿನ ಮನೆಯಿದೆ. ಆದರೆ ದಾಸನು ಪ್ರತಿ ಮನೆಯ ಮುಂದೆಯೂ ಹಾಡಿದ್ದು ತನ್ನದೇ ಪದವನ್ನು. ಪತ್ರಕರ್ತನಿಗಾದರೋ ಒಂದು ಮನೆಯವರು ಇನ್ನೂರು ಪದಗಳಲ್ಲಿ ಮುಗಿಸೆನ್ನುತ್ತಾರೆ, ಇನ್ನೊಂದು ಮನೆಯವರು ಸಮಾಧಾನದ ಮಾತು ಬೇಕೆನ್ನುತ್ತಾರೆ, ಮೂರನೆಯವರು ಶೀರ್ಷಿಕೆಯಲ್ಲೇ ಭಯ ಹುಟ್ಟಿಸಬೇಕೆನ್ನುತ್ತಾರೆ. ಹಂಗು ಇಲ್ಲಿ ಒಡೆದು ಹಂಚಿಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಕನ್ನಡದ ಗಡಿಯಂಚಿನಲ್ಲಿ ಇದಕ್ಕೆ ಬೇರೊಂದು ದಾರಿ ತೋರಿದ ನಿದರ್ಶನವಿದೆ. ಕಾಸರಗೋಡು ಜಿಲ್ಲೆಯ ವಾಣಿನಗರದ ಕೃಷಿಕ ಶ್ರೀಪಡ್ರೆಯವರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು, 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯನ್ನು ರೂಪಿಸಿ, ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದು ದುಡಿದವರು. ಸುತ್ತಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಊರಿನ ಕರುಗಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಿರುವುದನ್ನು ಅವರು 1980ರ ಆಸುಪಾಸಿನಲ್ಲೇ ಬರೆದರು; ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆದದ್ದು 2011ರಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ವಾದ ನಡೆದದ್ದು ಬಹುಮಟ್ಟಿಗೆ ವ್ಯಾಪ್ತಿಯ ಬಗ್ಗೆ, ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬಂಥ ತಪ್ಪದ ಸಂಬಂಧವನ್ನು ಸಿಂಪಡಣೆಗೂ ಕಾಯಿಲೆಗೂ ನಡುವೆ ಸ್ಥಾಪಿಸಬಹುದೇ ಎಂಬುದರ ಬಗ್ಗೆ. ವಿಜ್ಞಾನ ಬರಹದ ನೀತಿಯೆಲ್ಲ ಇಲ್ಲಿದೆಯೆಂದರೆ ತಪ್ಪಾಗದು: ಕರು ಹೀಗೆ ಹುಟ್ಟಿತೆಂಬುದು ಪ್ರತ್ಯಕ್ಷ, ಈ ವಿಷದಿಂದಲೇ ಹುಟ್ಟಿತೆಂಬುದು ಅನುಮಾನ, ಆಪ್ತನಾದವನು ಇವೆರಡನ್ನೂ ಬೆರೆಸದೆ ಹೇಳುತ್ತಾನೆ. ವ್ಯಾಪ್ತಿ ಸಿದ್ಧವಾಗುವವರೆಗೆ ಪ್ರತ್ಯಕ್ಷವನ್ನೂ ಮುಚ್ಚಿಡಬೇಕೆನ್ನುವುದು ವಿಜ್ಞಾನದ ಎಚ್ಚರವಲ್ಲ, ಹಂಗಿನದೇ ಇನ್ನೊಂದು ವೇಷ. ಸ್ವಂತ ತೋಟದ ಆಸರೆಯುಳ್ಳವರಿಗೆ ಈ ಸ್ಥೈರ್ಯ ಸುಲಭವೆಂಬುದನ್ನೂ ಒಪ್ಪಬೇಕು. ಜಮೀನಿಲ್ಲದ ಬಿಡಿ ಸುದ್ದಿಗಾರನಿಗೆ ಆ ಬೇಲಿಯಿಲ್ಲ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ವಾಙ್ಮಯ ತಪಸ್ಸನ್ನು, ಅಂದರೆ ಮಾತಿನ ಮೂಲಕ ನಡೆಸುವ ತಪಸ್ಸನ್ನು ವಿವರಿಸುವಾಗ, ಮಾತು ಉದ್ವೇಗ ಹುಟ್ಟಿಸದಿರಬೇಕು, ಸತ್ಯವೂ ಪ್ರಿಯವೂ ಹಿತವೂ ಆಗಿರಬೇಕು ಎನ್ನುತ್ತದೆ. ಇವೆಲ್ಲ ಒಟ್ಟಿಗೆ ಸಿಗುವುದು ಅಪರೂಪ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನಿಗದಿತ ಬೆಳೆ ಪದ್ಧತಿಯನ್ನು ಮೀರಿ ಭತ್ತ ನಾಟಿ ಮಾಡುವುದರಿಂದ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲವೆಂದು ಬರೆದರೆ ಮಾನ್ವಿಗೆ ಹಿತ, ಮೇಲ್ಭಾಗದ ಗಂಗಾವತಿಗೆ ಅಪ್ರಿಯ. ಬರೆದವನ ತಟ್ಟೆಯಲ್ಲಿರುವ ಸೋನಾ ಮಸೂರಿಯೂ ಆ ಮೇಲಿನ ಗದ್ದೆಯದೇ ಇರಬಹುದು. ಉದ್ವೇಗವನ್ನು ತಪ್ಪಿಸಬೇಕಾದದ್ದು ಉತ್ಪ್ರೇಕ್ಷೆಯನ್ನು ಬಿಟ್ಟು, ಸಂಗತಿಯನ್ನು ಬಿಟ್ಟಲ್ಲ. ಪ್ರಿಯವನ್ನು ಮಾತ್ರ ಆಗಾಗ ಕೈಬಿಡದೆ ಗತ್ಯಂತರವಿಲ್ಲ.

ಕೊನೆಗೆ ಉಳಿಯುವುದು ಅಕ್ಕಿಯ ಪ್ರಶ್ನೆಯೇ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವ ಕಾಯಕದವನು. ಕಾಯಕವೆಂದರೆ ಶರಣರಲ್ಲಿ ಪೂಜೆಗೆ ಸಮನಾದ ದುಡಿಮೆ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಆ ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳೆಂಬ ಕಥೆ ಪ್ರಸಿದ್ಧ. ದಾಸರ ಮಧುಕರವೃತ್ತಿ ಎಷ್ಟು ಮನೆಗಳಿಂದ ಎಂದು ಕೇಳಿದರೆ ಲಕ್ಕಮ್ಮ ಎಷ್ಟು ಸೇರು ಎಂದು ಕೇಳುತ್ತಾಳೆ, ಹಂಗಿನ ಬೇರು ಕೊಡುವವನ ಕೈಯಲ್ಲಿಲ್ಲ, ಪಡೆಯುವವನ ಆಸೆಯಲ್ಲಿದೆ ಎಂಬ ನಿಲುವಿನಿಂದ. ಈ ನಿಲುವು ಹೆಚ್ಚು ಆಳವಾದದ್ದು. ಕಂಪನಿಯ ಖರ್ಚಿನ ಪ್ರವಾಸವನ್ನೋ ಪ್ರಾಯೋಜಿತ ಚಿತ್ರಿಕೆಯನ್ನೋ ಹಿಂದಿರುಗಿಸುವ ಪತ್ರಕರ್ತ ಆಕೆಯ ಮಾತನ್ನೇ ಪಾಲಿಸುತ್ತಿದ್ದಾನೆ. ಆದರೆ ಆ ಕಥೆಯಲ್ಲಿ ಮಾರಯ್ಯನ ಉಡಿಯಲ್ಲಿ ಅಕ್ಕಿ ಹೆಚ್ಚಾಗಿತ್ತು. ಮೂರು ದಿನ ಕಾಲುವೆಗುಂಟ ಅಲೆದು ಬರೆದ ವರದಿಗೆ ಬಸ್ ಚಾರ್ಜೂ ಹುಟ್ಟದವನು ಬರಿಗೈಲಿ ಮನೆಗೆ ಬಂದಿದ್ದರೆ ಲಕ್ಕಮ್ಮ ಅವನನ್ನು ಎಲ್ಲಿಗೆ ಕಳಿಸುತ್ತಿದ್ದಳೆಂಬುದನ್ನು ಕಥೆ ಹೇಳುವುದಿಲ್ಲ.