ಮತದಾನದ ಮರುದಿನ

ಈಗಿನ ಹುಡುಗರಿಗೆ ರಾಜಕೀಯ ಬೇಕಾಗಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಕೊಪ್ಪಳ ಸೀಮೆಯ ಮಟ್ಟಿಗೆ ಆ ದೂರು ನಿಲ್ಲುವುದಿಲ್ಲ. 2024ರ ಮೇ 7ರಂದು ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಶೇಕಡಾ 70ಕ್ಕೂ ಹೆಚ್ಚು ಮತದಾನವಾಯಿತು. ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಶೇಕಡಾ 53ರ ಆಸುಪಾಸಿನಲ್ಲಿ ನಿಂತಿತು. ಗಂಗಾವತಿಯ ಬೈಕ್ ರ್‍ಯಾಲಿಗಳಲ್ಲಿ, ಕುಷ್ಟಗಿಯ ಪ್ರಚಾರ ಸಭೆಗಳಲ್ಲಿ, ಯಲಬುರ್ಗಾದ ಹಳ್ಳಿಗಳಲ್ಲಿ ಬಾವುಟ ಹಿಡಿದು ಓಡಾಡುವವರು ಇಪ್ಪತ್ತರ ಆಚೀಚಿನ ಹುಡುಗರೇ. ಆದರೆ ಅವರನ್ನು ಮಾತಿಗೆಳೆದರೆ ಬರುವ ಉತ್ತರ ಒಂದೇ: “ಯಾರು ಬಂದ್ರೂ ಅಷ್ಟರಿ, ನಮ್ಮ ಒಂದು ವೋಟಿನಿಂದ ಏನಾಗ್ತೈತಿ?” ಕಾಲೇಜಿಗೆ ಹೋಗುವ ಹುಡುಗಿಯನ್ನು ಕೇಳಿದರೆ, “ಮನಿಯಾಗ ಹೇಳಿದವರಿಗೆ ಹಾಕತೀನ್ರಿ.” ಇವರು ಮತ ಹಾಕುತ್ತಾರೆ, ಮತದ ಮೇಲೆ ನಂಬಿಕೆ ಇಟ್ಟಿಲ್ಲ. ನಮ್ಮ ಮುಂದಿರುವ ನಿಜವಾದ ಸಮಸ್ಯೆ ಇದು.

ಈ ಅಪನಂಬಿಕೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಿಗೆ ಕೃಷ್ಣೆಯ ನೀರು ತರುತ್ತೇವೆಂಬ ಮಾತನ್ನು ಈ ಮಕ್ಕಳು ಕೇಳುತ್ತಲೇ ಬೆಳೆದಿದ್ದಾರೆ, ಅವರ ಅಪ್ಪಂದಿರೂ ಕೇಳಿದ್ದರು. 2013ರಿಂದ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂತೆಂದು ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತವರು, ಅಕ್ರಮ ಬಯಲಾಗಿ 545 ಪಿಎಸ್ಐ ಹುದ್ದೆಗಳ ಆಯ್ಕೆಪಟ್ಟಿಯೇ 2022ರಲ್ಲಿ ರದ್ದಾದದ್ದನ್ನು ಕಂಡರು. ಇಷ್ಟೆಲ್ಲ ಕಂಡವರಿಗೆ ‘ಮತದಾನ ಪವಿತ್ರ ಕರ್ತವ್ಯ’ ಎಂಬ ಗೋಡೆಬರಹ ಉತ್ತರವಾಗುವುದಿಲ್ಲ. ಅವರ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಎದುರಿಸಬೇಕು.

ಲಕ್ಷಾಂತರ ಮತಗಳಲ್ಲಿ ಒಂದು ಮತ ಫಲಿತಾಂಶ ಬದಲಿಸುವುದು ಅಪರೂಪ. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಒಂದರಿಂದ ಆಗದ್ದು ಒಂದೊಂದು ಕೂಡಿದಾಗ ಆಗುತ್ತದೆ. ಮುಖ್ಯಮಂತ್ರಿಯಾಗಿ ಹೆಸರು ಮಾಡಿದ್ದ ರಾಮಕೃಷ್ಣ ಹೆಗಡೆಯವರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ಸೋತರು. ನಾನೊಬ್ಬನೇ ಸೋಲಿಸಿದೆ ಎನ್ನಬಲ್ಲವರು ಯಾರೂ ಇರಲಿಲ್ಲ, ಸೋಲು ಮಾತ್ರ ನಿಜವಾಗಿತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮತದ ಬೆಲೆ ಗೆಲುವು ಸೋಲಿನಲ್ಲಷ್ಟೇ ಇಲ್ಲ. ಊರಿನ ಲೆಕ್ಕದಲ್ಲಿ ನಾನೂ ಒಬ್ಬ ಎಂದು ರಾಜ್ಯ ಒಪ್ಪಿಕೊಳ್ಳುವ ಗಳಿಗೆ ಅದು.

ಆ ಒಪ್ಪಿಗೆ ಕೊಪ್ಪಳ ಸೀಮೆಗೆ ಬಿಟ್ಟಿ ಬಂದದ್ದಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಈ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಡಳಿತದಲ್ಲೇ ಇತ್ತು. ಆಗ ಇಲ್ಲಿನ ಹುಡುಗರು ಗಡಿ ದಾಟಿ ಮುಂಡರಗಿಗೆ ಹೋದರು, ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದ ಶಿಬಿರ ಸೇರಿ ನಿಜಾಮನ ಪರದ ರಜಾಕಾರ ಪಡೆಯ ವಿರುದ್ಧ ನಿಂತರು. ಮೊದಲ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರ ಅದೇ ಸ್ವಾಮಿಗಳನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತು. ಸಮಾನತೆಯ ಹಸಿವು ಇಂದಿಗೂ ಇಲ್ಲಿ ತೀರಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೇವಸ್ಥಾನದಲ್ಲಿ, ಹೋಟೆಲಿನಲ್ಲಿ ಇನ್ನೂ ಹೊರಗೆ ನಿಲ್ಲಬೇಕಾದವರು ಇರುವ ನೆಲದಲ್ಲಿ ಮತಗಟ್ಟೆಯ ಸಾಲು ಸಣ್ಣ ಸಂಗತಿಯಲ್ಲ. ಅಲ್ಲಿ ಗೌಡರ ಮತಕ್ಕೂ ಕೂಲಿಯವನ ಮತಕ್ಕೂ ಒಂದೇ ತೂಕ.

ಆದರೆ ಒಂದು ದಿನದ ಸಮಾನತೆ ಐದು ವರ್ಷಕ್ಕೆ ಸಾಲದು. ನನ್ನ ವಾದ ಇಷ್ಟೇ: ಮತದ ಅರ್ಥ ಪೂರ್ಣವಾಗುವುದು ಮತದಾನದ ಮರುದಿನದಿಂದ. ಮತ ಹಾಕಿದವನು ಲೆಕ್ಕ ಕೇಳುವ ಹಕ್ಕು ಪಡೆದಿರುತ್ತಾನೆ, ಗೆದ್ದವನು ಲೆಕ್ಕ ಕೊಡುವ ಹೊಣೆ ಹೊತ್ತಿರುತ್ತಾನೆ. ಮತಕ್ಕೆ ಹಣ ಪಡೆಯುವುದು ತಪ್ಪಾಗುವುದೂ ಈ ಕಾರಣಕ್ಕೇ. ಹಣ ಕೊಟ್ಟವನು ಆ ಲೆಕ್ಕವನ್ನು ಅಂದೇ ಚುಕ್ತಾ ಮಾಡಿಕೊಂಡಿರುತ್ತಾನೆ. ಮುಂದೆ ಕೆಟ್ಟ ರಸ್ತೆಯ ಬಗ್ಗೆ ಕೇಳಿದರೆ, “ಅವತ್ತೇ ಕೊಟ್ಟೀನಲ್ಲ” ಎಂಬ ಮೌನ ಉತ್ತರ ಅವನ ಕಣ್ಣಲ್ಲಿ ಇರುತ್ತದೆ.

ಗುಳೆ ಹೋದ ಯುವಕರ ಪಾಡು ಇನ್ನೂ ಕಠಿಣ. ಬೆಂಗಳೂರು, ಮಂಗಳೂರು, ಗೋವಾದಲ್ಲಿ ಕಟ್ಟಡ ಕಟ್ಟುವ ಕುಷ್ಟಗಿ, ಯಲಬುರ್ಗಾದ ಹುಡುಗರ ಮತ ಊರಲ್ಲಿ, ಬದುಕು ಪರಊರಲ್ಲಿ. ಚುನಾವಣೆ ಬಂದಾಗ ಯಾರೋ ಗೊತ್ತು ಮಾಡಿದ ವಾಹನದಲ್ಲಿ ಬಂದು ಗುಂಡಿ ಒತ್ತಿ, ರಾತ್ರಿಯೇ ಮರಳುತ್ತಾರೆ. ಅವರು ದುಡಿಯುವ ನಗರದ ಪಾಲಿಗೆ ಅವರು ಮತದಾರರಲ್ಲ, ಹುಟ್ಟಿದ ಊರಿನ ಗ್ರಾಮಸಭೆಯಲ್ಲಿ ಅವರು ಇರುವುದಿಲ್ಲ. ಕೂಲಿ ಬಿಟ್ಟು ಬಂದವನು ಬಾಡಿಗೆ ಪಡೆದನೆಂದು ದೂರಲು ನನಗೆ ಮನಸ್ಸಿಲ್ಲ. ಎರಡೂ ಕಡೆ ದನಿ ಇಲ್ಲದಂತೆ ಅವನನ್ನು ಬಿಟ್ಟಿರುವ ವ್ಯವಸ್ಥೆಯ ಮೇಲೆ ನನ್ನ ದೂರು.

ಹಾಗಾದರೆ ಯುವಕರು ಲೆಕ್ಕ ಕೇಳಲಾರರೇ? ಕೇಳಬಲ್ಲರು, ಕೇಳಿದ್ದಾರೆ. 2025ರ ಫೆಬ್ರುವರಿ 24ರಂದು, ಊರ ಪಕ್ಕದ ಬಲ್ದೋಟ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿ ಮುಂದೆ ನಿಂತರು, ವಿದ್ಯಾರ್ಥಿಗಳು ಬೀದಿಗಿಳಿದರು. ಗಿಣಿಗೇರಿ ಸುತ್ತಲ ಹಳ್ಳಿಗಳಲ್ಲಿ ಬೆಳೆಯ ಮೇಲೆ ಕೂರುವ ಕರಿ ದೂಳು ಅವರ ವಾದವಾಗಿತ್ತು. ಆ ದಿನ ಯಾರೂ ಯಾವ ಪಕ್ಷದ ಬಾವುಟ ಹಿಡಿಯಲಿಲ್ಲ. ನಾವು ಉಸಿರಾಡುವ ಗಾಳಿಯನ್ನು ಯಾರು ನಿರ್ಧರಿಸಬೇಕು ಎಂದು ಊರೇ ಕೂಡಿ ಕೇಳುವುದಕ್ಕಿಂತ ದೊಡ್ಡ ರಾಜಕೀಯ ಬೇರೆ ಇಲ್ಲ.

ಬೀದಿಗಿಳಿದರೆ ಕೆಲಸವಾಗುತ್ತದೆ, ಮತದಿಂದಲ್ಲ ಎಂದು ಇದರಿಂದ ಕೆಲವರು ತೀರ್ಮಾನಿಸುತ್ತಾರೆ. ನಾನು ಒಪ್ಪಲಾರೆ. ಸರ್ಕಾರ ಬೀದಿಯ ಕೂಗಿಗೆ ಕಿವಿಗೊಡುವುದು ಅದೇ ಜನರ ಮುಂದೆ ನಾಳೆ ಕೈ ಮುಗಿದು ನಿಲ್ಲಬೇಕಾಗಿರುವುದರಿಂದ. ಮತದ ಹಕ್ಕಿಲ್ಲದ ಜನ ಎದ್ದು ನಿಂತಾಗ ಏನಾಗುತ್ತಿತ್ತು ಎಂಬುದನ್ನು ಮುಂಡರಗಿ ಶಿಬಿರಕ್ಕೆ ಓಡಿಹೋದ ಹುಡುಗರು ಕಂಡಿದ್ದರು. ಮತ ಮತ್ತು ಹೋರಾಟ ಒಂದರ ಬಲದ ಮೇಲೆ ಇನ್ನೊಂದು ನಿಂತಿವೆ.

ಹಿರಿಯರಾದ ನಮ್ಮ ಪಾಲಿನ ಹೊಣೆಯನ್ನೂ ಹೇಳಲೇಬೇಕು. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಹದಿನೆಂಟರ ಕೈಗೆ ಮತ ಕೊಟ್ಟೆವು, ಅದನ್ನು ಬಳಸಿ ಕಲಿಯುವ ಜಾಗ ಮುಚ್ಚಿದೆವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವು ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು. ತನ್ನ ಹಳ್ಳಿಯ ಶಾಲೆಗೆ, ಆಸ್ಪತ್ರೆಗೆ ಸಂಬಂಧಿಸಿದ ಸಭೆಗೆ ಯಾರನ್ನೂ ಆರಿಸಿ ಕಳಿಸದ ಯುವಕ, ವಿಧಾನಸಭೆ ಲೋಕಸಭೆಗಳನ್ನು ದೂರದ ಸಿನಿಮಾದಂತೆ ನೋಡಿದರೆ ತಪ್ಪು ಅವನದಲ್ಲ. ಅಲ್ಲಿ ಅವನಿಗೆ ಕಾಣುವುದು ನಾಯಕರು, ಜಾತಿ, ಜಯಕಾರ. ಕೆಲಸ ಕಾಣಬೇಕಾದರೆ ರಾಜಕೀಯ ಅವನ ಓಣಿಯ ಹತ್ತಿರಕ್ಕೆ ಬರಬೇಕು.

ಆದ್ದರಿಂದ ಹೊಸ ಮತದಾರರಿಗೆ ನನ್ನ ಮನವಿ ‘ತಪ್ಪದೆ ಮತ ಹಾಕಿ’ ಎಂಬಲ್ಲಿಗೆ ನಿಲ್ಲುವುದಿಲ್ಲ. ಹಾಕುವ ಮುನ್ನ ಮನೆಯಲ್ಲಿ ವಾದ ಮಾಡಿ, ಹೆಣ್ಣುಮಕ್ಕಳಂತೂ ಮಾಡಲೇಬೇಕು. ಹಾಕಿದ ಮೇಲೆ ವಾರ್ಡ್ ಸಭೆಗೆ ಹೋಗಿ, ಕೇಳಬೇಕಾದ್ದನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಾವುಟ ಹಿಡಿಯುವುದಾದರೆ ಹಿಡಿಯಿರಿ, ಆದರೆ ಆ ಬಾವುಟದವನು ಗೆದ್ದ ಮೇಲೆ ಅವನನ್ನು ಮೊದಲು ಪ್ರಶ್ನಿಸುವವರೂ ನೀವೇ ಆಗಿರಿ. ಸರ್ಕಾರವೂ ತಡಮಾಡದೆ ಪಂಚಾಯಿತಿ ಚುನಾವಣೆಗಳನ್ನು ಕಾಲಕಾಲಕ್ಕೆ ನಡೆಸಲಿ, ಕಾಲೇಜುಗಳಲ್ಲಿ ಸಂಘಗಳ ಬಾಗಿಲು ತೆರೆಯಲಿ. ಒಂದು ವೋಟಿನಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಹಾಕಿ ಸುಮ್ಮನಾದರೆ ಏನೂ ಆಗುವುದಿಲ್ಲ, ಅದನ್ನು ಹಿಡಿದು ಐದು ವರ್ಷ ಕೇಳುತ್ತಲೇ ಇದ್ದರೆ, ಉತ್ತರ ಕೊಡದೆ ಆಳುವುದು ಯಾರಿಗೂ ಸುಲಭವಾಗುವುದಿಲ್ಲ.