ಪ್ರೀತಿಗಾಗಿ ನುಡಿದ ಸುಳ್ಳು

ಆಪ್ತರನ್ನು ಉಳಿಸುವ ಸಲುವಾಗಿ ನುಡಿದ ಸುಳ್ಳು ದೋಷವೆನಿಸುವುದೇ? ಈ ಪುರಾತನ ಪ್ರಶ್ನೆಯನ್ನು ಇರಾನಿನ ನಿರ್ದೇಶಕ ಅಸ್ಗರ್ ಫರ್ಹಾದಿಯವರ 2011ರ ಚಲನಚಿತ್ರ ‘ಎ ಸೆಪರೇಷನ್’ ಟೆಹರಾನ್ ನಗರದ ಎರಡು ಕುಟುಂಬಗಳ ಕಥೆಯ ಮೂಲಕ ಪರಿಶೀಲಿಸುತ್ತದೆ.

ಮಗಳ ಭವಿಷ್ಯಕ್ಕಾಗಿ ವಿದೇಶಕ್ಕೆ ಹೋಗಬೇಕೆಂಬುದು ಸಿಮಿನ್‌ಳ ಅಪೇಕ್ಷೆ. ಮರೆವಿನ ರೋಗಕ್ಕೆ ತುತ್ತಾದ ತಂದೆಯನ್ನು ಬಿಟ್ಟು ಬರಲಾರೆನೆಂಬುದು ಪತಿ ನಾದಿರನ ನಿಲುವು. ಆಕೆ ತವರಿಗೆ ತೆರಳುತ್ತಾಳೆ. ವೃದ್ಧರ ಆರೈಕೆಗೆ ಗರ್ಭಿಣಿಯಾದ ರಾಜಿಯಾ ಬರುತ್ತಾಳೆ. ಒಂದು ದಿನ ಆಕೆ ವೃದ್ಧರನ್ನು ಮಂಚಕ್ಕೆ ಕಟ್ಟಿ ಹೊರಗೆ ಹೋದುದನ್ನು ಕಂಡ ನಾದಿರ್ ಕೋಪದಿಂದ ಆಕೆಯನ್ನು ಬಾಗಿಲಾಚೆ ತಳ್ಳುತ್ತಾನೆ. ಗರ್ಭ ಉಳಿಯುವುದಿಲ್ಲ. ಆಕೆ ಗರ್ಭಿಣಿಯೆಂಬುದು ತನಗೆ ತಿಳಿದಿರಲಿಲ್ಲವೆಂದು ನಾದಿರ್ ವಿಚಾರಣೆಯಲ್ಲಿ ಹೇಳುತ್ತಾನೆ. ವಾಸ್ತವವಾಗಿ ಅದು ಅವನಿಗೆ ತಿಳಿದಿತ್ತು. ತಾನು ಸೆರೆಮನೆ ಸೇರಿದರೆ ಮಗಳ ಗತಿಯೇನೆಂಬ ಭಯವೇ ಅವನಿಂದ ಈ ಮಾತನ್ನು ಆಡಿಸಿತು.

ಹನ್ನೊಂದು ವರ್ಷದ ಮಗಳು ತೆರ್ಮೆ ಇದನ್ನು ಅರಿಯುತ್ತಾಳೆ. ಆದರೆ ನ್ಯಾಯಾಧಿಕಾರಿ ಪ್ರಶ್ನಿಸಿದಾಗ ತಂದೆಯ ಮಾತಿಗೆ ಪೂರಕವಾಗಿ ತಾನೂ ಸುಳ್ಳು ನುಡಿದು, ಮರಳುವ ದಾರಿಯಲ್ಲಿ ಮೌನವಾಗಿ ಅಳುತ್ತಾಳೆ. ತಂದೆಯ ಖಾತೆಯ ಋಣ ತೀರಲಿಲ್ಲ. ಮಗುವಿನ ಖಾತೆಗೆ ವರ್ಗವಾಯಿತು, ಅಷ್ಟೆ.

ಇತ್ತ ರಾಜಿಯಾಳ ಪತಿ ಸಾಲದಲ್ಲಿ ಮುಳುಗಿದ್ದಾನೆ. ಪರಿಹಾರದ ಹಣ ಬಂದರೆ ಸಂಕಟ ನೀಗುತ್ತದೆ. ಆದರೆ ಹಿಂದಿನ ದಿನ ಆಕೆಗೆ ಕಾರು ಬಡಿದಿತ್ತು. ಗರ್ಭನಷ್ಟಕ್ಕೆ ಅದೇ ಕಾರಣವಿರಬಹುದೆಂಬ ಸಂಶಯವನ್ನು ಆಕೆ ಬಚ್ಚಿಟ್ಟಿದ್ದಾಳೆ. ಕುರಾನಿನ ಮೇಲೆ ಪ್ರಮಾಣ ಮಾಡೆಂದು ನಾದಿರ್ ಕೇಳಿದಾಗ, ತನ್ನ ಮಗುವಿಗೆ ಕೇಡಾದೀತೆಂದು ಹೆದರಿ ಹಿಂಜರಿಯುತ್ತಾಳೆ, ಹಣ ಕೈತಪ್ಪುತ್ತದೆ. ಮಗಳ ಮೇಲಿನ ಮಮತೆಯೇ ಒಬ್ಬನನ್ನು ಅಸತ್ಯಕ್ಕೆ ಎಳೆಯಿತು, ಇನ್ನೊಬ್ಬಳನ್ನು ಅಸತ್ಯದಿಂದ ತಡೆಯಿತು. ಆದುದರಿಂದ ಪ್ರೀತಿಯೊಂದನ್ನೇ ಸುಳ್ಳಿಗೆ ಸಮರ್ಥನೆಯಾಗಿ ಮುಂದಿಡುವುದು ಉಚಿತವಲ್ಲ.

ಮೊದಲ ದೃಶ್ಯದಲ್ಲಿ ದಂಪತಿಗಳು ನ್ಯಾಯಾಧಿಕಾರಿಗೆ ಹೇಳುವ ಮಾತು ನೇರವಾಗಿ ಪ್ರೇಕ್ಷಕನತ್ತಲೇ ಬರುತ್ತದೆ. ಪ್ರೇಕ್ಷಕನೇ ನ್ಯಾಯಪೀಠದಲ್ಲಿ ಕುಳಿತಂತಾಗುತ್ತದೆ. ಲೈಲಾ ಹಾತಮಿ ಮತ್ತು ಪೇಮಾನ್ ಮೊಆದಿ ಅವರ ಅಭಿನಯ ಎಷ್ಟು ಸಹಜವೆಂದರೆ, ಇಬ್ಬರಲ್ಲಿ ಯಾರನ್ನೂ ದ್ವೇಷಿಸಲಾಗುವುದಿಲ್ಲ. ಬರ್ಲಿನ್ ಚಿತ್ರೋತ್ಸವವು 2011ರಲ್ಲಿ ಈ ಚಿತ್ರಕ್ಕೆ ಸ್ವರ್ಣ ಕರಡಿಯನ್ನೂ, ಇದರ ನಟವರ್ಗ ಹಾಗೂ ನಟಿವರ್ಗಕ್ಕೆ ಅಭಿನಯ ಪ್ರಶಸ್ತಿಗಳನ್ನೂ ನೀಡಿತು.

ಕೊನೆಯಲ್ಲಿ ತಂದೆತಾಯಿಗಳಲ್ಲಿ ಯಾರೊಡನೆ ಇರುವೆಯೆಂದು ತೆರ್ಮೆಯನ್ನು ಕೇಳಲಾಗುತ್ತದೆ. ಆಕೆಯ ಉತ್ತರ ನಮಗೆ ಕೇಳಿಸುವುದಿಲ್ಲ. ಇದರಿಂದ ಸತ್ಯವೇ ಅನಿಶ್ಚಿತವೆಂದು ತಿಳಿಯಬಾರದು. ನಾದಿರನಿಗೆ ಏನು ಗೊತ್ತಿತ್ತೆಂಬುದನ್ನು ಚಿತ್ರ ಸ್ಪಷ್ಟವಾಗಿಯೇ ಹೇಳಿದೆ. ಅವನನ್ನು ಹೇಗೆ ಅಳೆಯಬೇಕೆಂಬುದನ್ನು ಮಾತ್ರ ನಮಗೆ ಬಿಟ್ಟಿದೆ. ಹಾಗೆ ಅಳೆಯುವ ಮುನ್ನ, ತನ್ನ ಮನೆಯ ಮಕ್ಕಳು ಯಾರ ಸುಳ್ಳಿನ ಭಾರವನ್ನು ಹೊತ್ತಿದ್ದಾರೆಂದು ಪ್ರತಿಯೊಬ್ಬ ಗೃಹಸ್ಥನೂ ವಿಚಾರಿಸಿಕೊಳ್ಳುವುದು ಒಳಿತು.